ಹಯಗ್ರೀವ

ಕಡಲೆಬೇಳೆ, ಬೆಲ್ಲ, ತುಪ್ಪ, ಕಾಯಿತುರಿ: ಹಯಗ್ರೀವಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಮಾಧ್ವರ ಮನೆಗಳಲ್ಲಿ, ಉಡುಪಿಯ ಮಠಗಳಲ್ಲಿ ಇದು ನೈವೇದ್ಯದ ಸಿಹಿ. 16ನೇ ಶತಮಾನದ ಮಾಧ್ವ ಯತಿ ವಾದಿರಾಜರು ಇದನ್ನು ತಲೆಯ ಮೇಲೆ ಹೊತ್ತು ಕುಳಿತರೆ, ಕುದುರೆಮುಖದ ಹಯಗ್ರೀವ ದೇವರು ಬಿಳಿ ಕುದುರೆಯಾಗಿ ಬಂದು ತಿಂದು ಹೋಗುತ್ತಿದ್ದ ಎಂಬುದು ಐತಿಹ್ಯ. ಕುದುರೆಗೆ ಕಡಲೆ ಪ್ರಿಯವೆಂದು ನೆನೆದರೆ ಕತೆ ಇನ್ನಷ್ಟು ರುಚಿಸುತ್ತದೆ.

ಮಾಡುವಾಗ ಜಾಣತನ ಬೇಕಾಗುವುದು ಒಂದೇ ಕಡೆ. ಬೇಳೆ ಬೆರಳಲ್ಲಿ ಹಿಸುಕಿದರೆ ನುರಿಯುವಷ್ಟು ಮೆತ್ತಗಾಗಬೇಕು, ಆದರೆ ಕರಗಿ ಹಿಟ್ಟಾಗಬಾರದು, ಆಮೇಲಷ್ಟೇ ಬೆಲ್ಲ. ಅವಸರಪಟ್ಟು ಮೊದಲೇ ಹಾಕಿದರೆ ಬೇಳೆ ಮುಂದೆ ಸರಿಯಾಗಿ ಬೇಯುವುದಿಲ್ಲ. ಬೆಲ್ಲ ನೀರಾಗಿ, ಮತ್ತೆ ಇಂಗಿ ತಳ ಬಿಡುವ ತನಕ ಕೈಯಾಡಿಸಿ, ಕಾಯಿತುರಿ, ಹುರಿದ ಗಸಗಸೆ, ಲವಂಗ, ಏಲಕ್ಕಿ, ದ್ರಾಕ್ಷಿ, ಗೋಡಂಬಿ ಬೆರೆಸುತ್ತಾರೆ. ತುಪ್ಪದಲ್ಲಿ ಜಿಪುಣತನ ಮಾಡಿದರೆ ಆರಿದ ಮೇಲೆ ಗಟ್ಟಿಯಾಗುತ್ತದೆ.