ಭಾನಾಪುರದ ಅಚ್ಚು, ಕಿನ್ನಾಳದ ಉಳಿ

ನಮ್ಮ ಕೊಪ್ಪಳ ಜಿಲ್ಲೆಯ ಹುಲಿಹೈದರದಂಥ ಊರಿನ ಸಂತೆಯಲ್ಲಿ ಇಪ್ಪತ್ತು-ಮೂವತ್ತು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಟ್ರ್ಯಾಕ್ಟರೊಂದನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ. ಮೂತಿಯಿಂದ ಹಿಂಬದಿಯವರೆಗೆ ಸಣ್ಣದೊಂದು ಗೆರೆ ಹಾದುಹೋಗಿರುತ್ತದೆ. ಅಚ್ಚಿನ ಎರಡು ಹೋಳು ಕೂಡಿದ ಜಾಗ ಅದು. ಅಚ್ಚು ಚೆನ್ನಾಗಿದ್ದರೆ ಆ ಗೆರೆ ಬೆರಳಿಗೆ ತಾಕುವುದಿಲ್ಲ. ಸವೆದ ಅಚ್ಚಾದರೆ ಪ್ಲಾಸ್ಟಿಕ್ ಅಂಚಿಗೆ ಉಕ್ಕಿ ಚೂಪಾಗಿ ನಿಂತಿರುತ್ತದೆ, ಗಾಲಿ ಎಳೆದರೆ ತಂತಿ ಸಮೇತ ಕಿತ್ತು ಬರುತ್ತದೆ. ಮಾಡಿದವರ ಹೆಸರಿಲ್ಲ, ಊರಿಲ್ಲ. ಆಟಿಕೆ ಆರಿಸುವಾಗ ನಾನು ಬಣ್ಣಕ್ಕಿಂತ ಮೊದಲು ನೋಡುವುದು ಈ ಗೆರೆಯನ್ನು. ಅಗ್ಗದ ಆಟಿಕೆಯ ಗುಣವೆಲ್ಲ ಅಲ್ಲಿ ಬಯಲಾಗುತ್ತದೆ.

ಅಗ್ಗದ ಆಟಿಕೆಯಲ್ಲಿ ಅಗ್ಗವಲ್ಲದ್ದು ಒಂದೇ, ಅದರ ಅಚ್ಚು. ಪ್ಲಾಸ್ಟಿಕ್ ಹರಳುಗಳನ್ನು ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬಿ, ತಣಿಸಿ, ಹೊರಗೆ ತಳ್ಳುವುದು ಕೆಲವೇ ಸೆಕೆಂಡುಗಳ ಕೆಲಸ. ಆದರೆ ಆ ಅಚ್ಚು ಕೊರೆಯಲು ಲಕ್ಷಗಟ್ಟಲೆ ರೂಪಾಯಿ ಬೇಕು, ಮಿಲಿಮೀಟರಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ ಉಕ್ಕು ಕತ್ತರಿಸಬಲ್ಲ ಯಂತ್ರ ಬೇಕು, ಆ ಯಂತ್ರ ನಡೆಸಬಲ್ಲ ಕೈ ಬೇಕು. ಒಂದೇ ಅಚ್ಚಿನಿಂದ ಲಕ್ಷಾಂತರ ಆಟಿಕೆ ಹೊರಬಂದಾಗ ಮಾತ್ರ ಒಂದೊಂದರ ಬೆಲೆ ಇಳಿಯುತ್ತದೆ. ಚೀನಾ ಇಷ್ಟು ವರ್ಷ ಜಗತ್ತಿನ ಆಟಿಕೆ ಅಂಗಡಿಯನ್ನು ಆಳಿದ್ದು ಕೂಲಿ ಕಡಿಮೆ ಎಂಬ ಒಂದೇ ಕಾರಣಕ್ಕಲ್ಲ. ಅಚ್ಚು ಕೊರೆಯುವವರು, ಬಣ್ಣ ಹಾಕುವವರು, ಮೋಟರು ಮಾಡುವವರು, ಡಬ್ಬಿ ಕಟ್ಟುವವರು ಅಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತಾರೆ.

ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದು ನಮ್ಮ ಜಿಲ್ಲೆಗೆ ಆಟಿಕೆ ಮಾಡಲು ಬಂದದ್ದೇಕೆ ಎಂಬುದು ಇದರಿಂದ ತಿಳಿಯುತ್ತದೆ. ಅರವಿಂದ ಮೆಳ್ಳಿಗೇರಿಯವರು 1997ರಲ್ಲಿ ಅಜಿತ್ ಪ್ರಭು ಅವರ ಜೊತೆ ಸೇರಿ ಕ್ವೆಸ್ಟ್ ಎಂಬ ಎಂಜಿನಿಯರಿಂಗ್ ಕಂಪನಿ ಕಟ್ಟಿದವರು. 2006ರಿಂದ ತಯಾರಿಕೆಯ ಕಡೆ ಹೊರಳಿದರು. ಬೆಳಗಾವಿ ಬಳಿಯ ಹತ್ತರಗಿಯಲ್ಲಿ ಬೆಳೆದ ಆ ಕಾರ್ಖಾನೆಯೇ ಮುಂದೆ ಏಕಸ್ ಆಯಿತು. ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಲೋಹ ಕೊರೆದು ಪಳಗಿದ ಕಂಪನಿ ಅದು. ಆಟಿಕೆಯ ಕೆಲಸವನ್ನೂ ಕೈಗೆತ್ತಿಕೊಂಡು, ಅಮೆರಿಕದ ಹ್ಯಾಸ್‌ಬ್ರೋ, ಕೆನಡಾದ ಸ್ಪಿನ್ ಮಾಸ್ಟರ್‌ನಂಥ ದೊಡ್ಡ ಹೆಸರುಗಳಿಗೆ ಮಾಲು ಮಾಡಿಕೊಡುವ ಮಟ್ಟಕ್ಕೆ ಬಂತು.

ಕೊಪ್ಪಳ ದಾಟಿ ಗದಗ ರಸ್ತೆ ಹಿಡಿದರೆ ಭಾನಾಪುರ. ಅಲ್ಲಿ 400 ಎಕರೆಯಲ್ಲಿ ಏಕಸ್ ಆಟಿಕೆ ಕ್ಲಸ್ಟರ್ ಕಟ್ಟುವುದಾಗಿ 2020ರಲ್ಲಿ ಘೋಷಣೆಯಾಯಿತು. 2021ರ ಜನವರಿ 9ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ನಲವತ್ತು ಸಾವಿರ ಜನಕ್ಕೆ ಕೆಲಸ ಎಂಬ ಮಾತು ಆಗ ಕೇಳಿಬಂತು. ಅಡಿಗಲ್ಲಿನ ದಿನದ ಅಂಕಿಗಳ ಮೇಲೆ ನಾನು ಹೆಚ್ಚು ಭಾರ ಹಾಕುವುದಿಲ್ಲ. ಕಾಲ ಕೂಡಿಬಂದದ್ದು ಮಾತ್ರ ನಿಜ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಿತು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. 2018–19ರಲ್ಲಿ 37.1 ಕೋಟಿ ಡಾಲರ್‌ನಷ್ಟಿದ್ದ ಆಟಿಕೆ ಆಮದು 2021–22ಕ್ಕೆ 11 ಕೋಟಿಗೆ ಇಳಿಯಿತು.

ಐಎಸ್‌ಐ ಗುರುತಿನ ಆ ಕಡ್ಡಾಯದಿಂದ ವಿನಾಯಿತಿ ಪಡೆದವರಲ್ಲಿ ನಮ್ಮವರೇ ಇದ್ದಾರೆ. ಭೌಗೋಳಿಕ ಸೂಚಿ ಪಡೆದ ಕರಕುಶಲ ಆಟಿಕೆಗಳನ್ನು ಮಾಡುವ ನೋಂದಾಯಿತ ಕುಶಲಕರ್ಮಿಗಳನ್ನು ಸರ್ಕಾರ ಹೊರಗಿಟ್ಟಿತು. ಹಾಗಾಗಿ ಕಿನ್ನಾಳದ ಗೊಂಬೆಗೆ ಪ್ರಯೋಗಾಲಯದ ಕಾಟವಿಲ್ಲ. ಕೊಪ್ಪಳದಿಂದ ಸ್ವಲ್ಪವೇ ದೂರದ ಊರದು. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯಲ್ಲಿ ಚಿತ್ರ ಬರೆದವರು ಇಲ್ಲಿನ ಚಿತ್ರಗಾರರ ಹಿರಿಯರೇ ಎಂಬುದು ಪರಂಪರೆಯ ಮಾತು.

ಕಿನ್ನಾಳದ ಕೆಲಸ ನೋಡಬೇಕಾದದ್ದು ಬಣ್ಣ ಹಚ್ಚುವ ಮೊದಲು. ಹಗುರ ಮರದಲ್ಲಿ ಒಂದೊಂದೇ ಅಂಗ ಕೆತ್ತುತ್ತಾರೆ. ಗರುಡನಿಗೆ 12 ತುಂಡು, ಲಕ್ಷ್ಮಿಗೆ 22. ಅವನ್ನು ಕೂಡಿಸಲು ಹುಣಸೆ ಬೀಜದ ಅಂಟು. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನೊಡನೆ ಕಲಸಿದರೆ ‘ಕಿಟ್ಟ’. ಅದನ್ನು ಮೈತುಂಬ ಕೈಯಲ್ಲೇ ಮೆತ್ತಿ, ಮೇಲೆ ಹತ್ತಿಯ ಚೂರು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಒಡವೆ, ಕಿರೀಟಗಳೂ ಆ ಕಲ್ಲಿನ ಪುಡಿಯಿಂದಲೇ ಉಬ್ಬಿ ಏಳುತ್ತವೆ. ಬಣ್ಣ ಬರುವುದು ಇಷ್ಟೆಲ್ಲ ಆದ ಮೇಲೆ. ಕೂಡಿಸಿದ ಗೆರೆ ಎಲ್ಲಿ ಎಂದು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಇಷ್ಟು ಕೆಲಸದ ಗೊಂಬೆ ಸಂತೆಯ ಬೆಲೆಗೆ ಸಿಗುವುದಿಲ್ಲ, ಸಿಗಲೂಬಾರದು. ಅದನ್ನು ಕೊಳ್ಳುವವರು ಶೋಕೇಸಿನಲ್ಲಿಡುತ್ತಾರೆ, ಮಗುವಿನ ಕೈಗೆ ಕೊಡುವುದಿಲ್ಲ. ನಮ್ಮ ಮಕ್ಕಳಿಗೆ ಹಿಂದೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಸಿಗುತ್ತಿತ್ತು, ಪಂಚಮಿಗೆ ದಾರ ಪೋಣಿಸಿದ ಕೊಬ್ಬರಿ ಬಟ್ಟಲು ಗಿರ್ರನೆ ತಿರುಗುತ್ತಿತ್ತು, ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಬರುತ್ತಿತ್ತು. ಮುರಿದರೆ ಅಳಬೇಕಾಗಿರಲಿಲ್ಲ, ಮಣ್ಣು ಮಣ್ಣಿಗೆ ಹೋಗುತ್ತಿತ್ತು, ಉಳಿದೆರಡು ಹೊಟ್ಟೆಗೆ. ಆ ಜಾಗಕ್ಕೆ ಈಗ ಬಂದಿರುವುದು ಹೆಸರಿಲ್ಲದ ಆ ಟ್ರ್ಯಾಕ್ಟರು.

ಒಂದೇ ಜಿಲ್ಲೆಯಲ್ಲಿ ಜಗತ್ತಿಗೆ ಒದಗಿಸಬಲ್ಲ ಅಚ್ಚಿನ ಕೆಲಸವೂ ಇದೆ, ಶತಮಾನಗಳ ಉಳಿಯ ಕೆಲಸವೂ ಇದೆ. ಹುಲಿಹೈದರದ ಹುಡುಗನ ಕೈಗೆ ಎರಡೂ ತಲುಪಿಲ್ಲ. ಭಾನಾಪುರದಲ್ಲಿ ಮಾಡಿದ ಆಟಿಕೆಯ ಮೇಲೆ ಹೊರದೇಶದ ಹೆಸರು ಇರಲಿ, ವ್ಯಾಪಾರ ನಡೆಯುವುದೇ ಹಾಗೆ. ಆದರೆ ಅಲ್ಲಿನ ಯಂತ್ರಗಳಲ್ಲಿ ಒಂದಾದರೂ ನಮ್ಮ ಸಂತೆಗೆಂದು ಓಡಲಿ. ಕಿನ್ನಾಳದ ಚಿತ್ರಗಾರರೊಬ್ಬರು ಕೆತ್ತಿದ ಎತ್ತನ್ನೋ ಆನೆಯನ್ನೋ ಮಾದರಿಯಾಗಿಟ್ಟುಕೊಂಡು ಅಚ್ಚು ಕೊರೆಸಿ, ಅವರಿಗೆ ಒಪ್ಪಂದದ ಪ್ರಕಾರ ಪ್ರತಿ ಆಟಿಕೆಗೂ ಇಂತಿಷ್ಟು ಎಂದು ಗೌರವಧನ ಕೊಟ್ಟು, ಐಎಸ್‌ಐ ಗುರುತಿನೊಂದಿಗೆ ಮೂವತ್ತು ರೂಪಾಯಿಗೆ ಮಾರಲಿ. ಅಚ್ಚಿನ ಖರ್ಚು ಹಂಚಿಹೋಗಲು ಬೇಕಾದಷ್ಟು ಮಕ್ಕಳು ಕೊಪ್ಪಳ, ರಾಯಚೂರು, ಗದಗ ಜಿಲ್ಲೆಗಳಲ್ಲೇ ಇದ್ದಾರೆ. ಮೊದಲ ಅಂಗಡಿಯನ್ನು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಹಾಕಬೇಕೆಂದು ಕಂಪನಿಯವರನ್ನೂ ಜಿಲ್ಲಾಡಳಿತವನ್ನೂ ಕೇಳಿಕೊಳ್ಳುತ್ತೇನೆ.