ಶಿಶುಮನಃಸ್ವಾಸ್ಥ್ಯ ಕಾರ್ಯಕರ್ತರ ಅರ್ಹತೆ: ಮಿಷಿಗನ್ ಪದ್ಧತಿಯ ವಿಮರ್ಶೆ

ಹಸುಗೂಸಿಗೂ ಮನೋವ್ಯಥೆಯುಂಟೆ ಎಂದು ನಗುವವರು ಇಂದಿಗೂ ಇದ್ದಾರೆ. ಹುಟ್ಟಿದಂದಿನಿಂದ ಮೂರು ವರ್ಷದವರೆಗಿನ ಮಗುವಿನ ಮನಸ್ಸನ್ನು ಅದನ್ನು ಸಾಕುವವರಿಂದ ಬೇರ್ಪಡಿಸಿ ಅರಿಯಲಾಗದು, ಇಬ್ಬರ ನಡುವಣ ಸಂಬಂಧವೇ ಅಧ್ಯಯನಕ್ಕೂ ಚಿಕಿತ್ಸೆಗೂ ವಿಷಯ ಎಂಬುದು ಶಿಶುಮನಃಸ್ವಾಸ್ಥ್ಯಶಾಸ್ತ್ರದ ಮೂಲ ಪ್ರತಿಜ್ಞೆ. ಇದನ್ನು ಒಪ್ಪಿದ ಮೇಲೆ ಇನ್ನೊಂದು ಪ್ರಶ್ನೆ ತಾನಾಗಿ ಏಳುತ್ತದೆ: ಇಂಥ ಸಂಬಂಧದ ನಡುವೆ ಪ್ರವೇಶಿಸುವ ಅರ್ಹತೆ ಯಾರಿಗುಂಟು, ಅದನ್ನು ಅಳೆಯುವುದು ಹೇಗೆ? ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ರೂಪುಗೊಂಡ ಪದ್ಧತಿಯೊಂದು ಇದಕ್ಕೆ ಕೊಟ್ಟಿರುವ ಉತ್ತರವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಆ ಪದ್ಧತಿಯ ಬೇರು ಸೆಲ್ಮಾ ಫ್ರೈಬರ್ಗರ ಕಾರ್ಯದಲ್ಲಿದೆ. ಸಮಾಜಕಾರ್ಯದಲ್ಲಿ ಶಿಕ್ಷಣ ಪಡೆದು ಮನೋವಿಶ್ಲೇಷಣೆಯತ್ತ ಬಂದ ಇವರು 1970ರ ದಶಕದಲ್ಲಿ ಆನ್ ಆರ್ಬರ್ ನಗರದಲ್ಲಿ, ತಾಯಂದಿರನ್ನು ಚಿಕಿತ್ಸಾಲಯಕ್ಕೆ ಕರೆಸಿಕೊಳ್ಳುವುದಕ್ಕಿಂತ ಅವರ ಮನೆಗಳಿಗೇ ಹೋಗುವ ಕ್ರಮವನ್ನು ಬಳಕೆಗೆ ತಂದರು. ಸಹೋದ್ಯೋಗಿಗಳೊಡನೆ 1975ರಲ್ಲಿ ಪ್ರಕಟಿಸಿದ ‘ಗೋಸ್ಟ್ಸ್ ಇನ್ ದಿ ನರ್ಸರಿ’ ಎಂಬ ಪ್ರಬಂಧದಲ್ಲಿ, ಕೂಸಿನ ಅಳು ಕಿವಿಗೇ ಬೀಳದವಳಂತೆ ಕುಳಿತ ತಾಯಿಯೊಬ್ಬಳ ವೃತ್ತಾಂತವಿದೆ. ಬಾಲ್ಯದಲ್ಲಿ ತನ್ನ ಅಳುವನ್ನು ಕೇಳುವವರಿಲ್ಲದಿದ್ದ ಆಕೆ, ಚಿಕಿತ್ಸಕಿಯೊಬ್ಬಳು ಆ ಹಳೆಯ ದುಃಖಕ್ಕೆ ಕಿವಿಗೊಟ್ಟ ಬಳಿಕವೇ ತನ್ನ ಮಗುವನ್ನು ಎದೆಗವಚಿಕೊಂಡಳು. ತನಗೆ ಒಬ್ಬರು ಕಿವಿಗೊಟ್ಟ ಹೊರತು ಇನ್ನೊಬ್ಬರಿಗೆ ಕಿವಿಗೊಡುವ ಶಕ್ತಿ ಬಾರದು ಎಂಬ ಈ ತತ್ತ್ವವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಆಕ್ಷೇಪವೆಲ್ಲ ಅದನ್ನೇ ಆಧರಿಸಿದೆ.

ಫ್ರೈಬರ್ಗರ ಪ್ರಭಾವದಲ್ಲಿ 1977ರಲ್ಲಿ ಹುಟ್ಟಿದ ಮಿಷಿಗನ್ ಶಿಶುಮನಃಸ್ವಾಸ್ಥ್ಯ ಸಂಘವು 2002ರಲ್ಲಿ ಅರ್ಹತಾಸೂತ್ರಗಳನ್ನು ಹೊರಡಿಸಿತು. ಅವುಗಳಂತೆ ದೊರೆಯುವ ಮನ್ನಣೆಗೆ ‘ಎಂಡಾರ್ಸ್‌ಮೆಂಟ್’ ಎಂದು ಹೆಸರು. ಇದು ಪರವಾನಗಿಯಲ್ಲ, ಅನುಮೋದನೆ. ಶಿಶುಪಾಲನಾಲಯದ ದಾದಿಯಿಂದ ಹಿಡಿದು ಮನೋವೈದ್ಯರವರೆಗೆ ಯಾವ ವೃತ್ತಿಯವರೂ ತಮ್ಮ ವೃತ್ತಿಯನ್ನು ಬಿಡದೆಯೇ ಇದನ್ನು ಪಡೆಯಬಹುದೆಂಬುದು ಈ ಪದ್ಧತಿಯ ಅತ್ಯುತ್ತಮ ಗುಣ. ಮೊದಲು ರೂಪಿಸಿದ ಮೆಟ್ಟಿಲುಗಳು ನಾಲ್ಕು: ಸಹಾಯಕರು, ಕುಟುಂಬತಜ್ಞರು, ಶಿಶುಮನಃಸ್ವಾಸ್ಥ್ಯ ತಜ್ಞರು, ಇವರೆಲ್ಲರಿಗೂ ಮೇಲೆ ಗುರುಸ್ಥಾನದವರು. ಮೇಲಿನ ಎರಡಕ್ಕೆ ಲಿಖಿತ ಪರೀಕ್ಷೆಯೂ ಉಂಟು.

ಪರೀಕ್ಷೆಗಿಂತ ಮಹತ್ತ್ವದ್ದು ಆತ್ಮಾವಲೋಕನದ ಮೇಲ್ವಿಚಾರಣೆ. ನಮ್ಮಲ್ಲಿ ಮೇಲ್ವಿಚಾರಣೆಯೆಂದರೆ ಹಾಜರಿಪುಸ್ತಕ, ತಪಾಸಣೆ, ನೋಟೀಸು ನೆನಪಿಗೆ ಬರುವುದರಿಂದ ಈ ಪದವನ್ನು ಬಳಸಲು ಲೇಖಣಿ ಹಿಂಜರಿಯುತ್ತದೆ. ಇಲ್ಲಿ ಅದರ ಅರ್ಥ ಬೇರೆ. ಕಾರ್ಯಕರ್ತೆ ತಾನು ಕಂಡ ಮಗುವನ್ನೂ ತಾಯಿಯನ್ನೂ ಕುರಿತು, ತನ್ನಲ್ಲೆದ್ದ ಭಯ ಬೇಸರಗಳನ್ನೂ ಮರೆಮಾಚದೆ, ಅನುಭವಿಯೊಬ್ಬರೊಡನೆ ನಿಯತವಾಗಿ ಮಾತನಾಡುವುದು. ಇದು ಮೇಲೆ ಹೇಳಿದ ತತ್ತ್ವದ ನೇರ ಅನ್ವಯ. ಎರಡನೆಯ ಮೆಟ್ಟಿಲಿನವರಿಗೆ 24 ಗಂಟೆ, ಮೂರನೆಯದರವರಿಗೆ 50 ಗಂಟೆ ಇಂಥ ಮಾತುಕತೆ ಕಡ್ಡಾಯ. ಮೊದಲನೆಯ ಮೆಟ್ಟಿಲಿನವರಿಗೆ ಕಡ್ಡಾಯವಿಲ್ಲ.

ಪದ್ಧತಿಯ ದೋಷವಿರುವುದು ಇಲ್ಲಿಯೇ ಎನ್ನದೆ ವಿಧಿಯಿಲ್ಲ. ಕೂಸನ್ನು ದಿನವಿಡೀ ತೊಡೆಯ ಮೇಲಿಟ್ಟುಕೊಂಡು, ಅದರ ಅಳುವನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಕೇಳುವವಳು ಮೊದಲನೆಯ ಮೆಟ್ಟಿಲಿನವಳು. ಅವಳಿಗೆ ತರಬೇತಿಯ ಗಂಟೆಗಳುಂಟು; ಅವಳ ಮಾತನ್ನು ಕೇಳುವವರು ಇರಲೇಬೇಕೆಂಬ ನಿಯಮವಿಲ್ಲ. ಫ್ರೈಬರ್ಗರು ತಾಯಿಯ ವಿಷಯದಲ್ಲಿ ಕಂಡುಕೊಂಡ ಸತ್ಯವನ್ನು ಅವರ ಉತ್ತರಾಧಿಕಾರಿಗಳು ವಿದ್ಯಾವಂತ ತಜ್ಞರಿಗೆ ಅನ್ವಯಿಸಿ, ದಾದಿಯ ಪಾಲಿಗೆ ಐಚ್ಛಿಕವಾಗಿ ಬಿಟ್ಟಿದ್ದಾರೆ.

ಅನುಭವಿಗಳಾದ ಮಾರ್ಗದರ್ಶಕರು ವಿರಳ. ನಿಯಮವನ್ನು ಬಿಗಿಗೊಳಿಸಿದರೆ ಬಡ ಊರುಗಳ ದಾದಿಯರಿಗೆ ಬಾಗಿಲೇ ಮುಚ್ಚೀತು ಎಂದು ಸಮಾಧಾನ ಹೇಳಬಹುದು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಇದು ಹೊಣೆಯನ್ನು ಅರ್ಜಿದಾರಳ ಮೇಲೆಯೇ ಹೊರಿಸಿದ ವಾದ. ಮಾತುಕತೆಯ ಗಂಟೆಗಳನ್ನು, ಸಂಬಳ ಸಹಿತವಾಗಿ, ಒದಗಿಸಬೇಕಾದದ್ದು ಆಕೆಯನ್ನು ನೇಮಿಸಿಕೊಂಡ ಸಂಸ್ಥೆ. ಅರ್ಹತಾಸೂತ್ರಗಳು ವ್ಯಕ್ತಿಯನ್ನು ಅಳೆಯುತ್ತವೆ. ಆ ವ್ಯಕ್ತಿ ದುಡಿಯುವ ಮನೆಯನ್ನು ಅಳೆಯುವುದಿಲ್ಲ.

ಅನುಮೋದನೆಯು ಸ್ವೇಚ್ಛೆಯದೆಂಬ ಮಾತೂ ಈಗ ಪೂರ್ತಿ ನಿಲ್ಲದು. ಮಿಷಿಗನ್‌ನಲ್ಲಿ ಮೆಡಿಕೇಯ್ಡ್ ಎಂಬ ಸರ್ಕಾರಿ ಯೋಜನೆಯ ಹಣದಿಂದ ನಡೆಯುವ ಶಿಶುಮನಃಸ್ವಾಸ್ಥ್ಯದ ಗೃಹಸೇವೆಗೆ ಅನುಮೋದನೆ ಪಡೆದವರೇ ಬೇಕೆಂಬ ನಿಯಮ ಬಂದಿದೆ. ಹಣವನ್ನು ಕೊಡುವ ಸರ್ಕಾರ ಕಾರ್ಯಕರ್ತೆಗೆ ಷರತ್ತು ಹಾಕಬಹುದಾದರೆ ಸಂಸ್ಥೆಗೂ ಹಾಕಬಹುದು. ಅನೇಕ ಸಂಸ್ಥಾನಗಳ ಸಂಘಗಳು ಈ ಪದ್ಧತಿಯನ್ನು ಸ್ವೀಕರಿಸಿ 2016ರಿಂದ ಒಂದು ಒಕ್ಕೂಟವಾಗಿ ಸೇರಿರುವುದರಿಂದ, ಮೊದಲನೆಯ ಮೆಟ್ಟಿಲಿನ ನಿಯಮವನ್ನು ತಿದ್ದುವ ಪ್ರಸ್ತಾಪ ಬರಬೇಕಾದದ್ದೂ ಆ ಒಕ್ಕೂಟದ ಮುಂದೆಯೇ.