ನಾಟಕದ ಬಳಿಕದ ನಗು

ಬನ್ನಂಜೆಯಿಂದ ಕಾರ್ಕಳದವರೆಗೆ ನಮ್ಮ ವಾರ್ಷಿಕೋತ್ಸವಗಳಲ್ಲಿ ಗಂಭೀರ ನಾಟಕವೊಂದು ಮುಗಿದು, ಸಭಿಕರು ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಪರದೆ ಮತ್ತೆ ಸರಿದು ಕಿರುಪ್ರಹಸನ ಆರಂಭವಾಗುವುದನ್ನು ನೀವು ಕಂಡಿರಬಹುದು. ಜನರು ನಕ್ಕು ಮನೆಗೆ ಹೋಗಲಿ ಎಂಬುದು ಸಂಘಟಕರ ಸದಾಶಯ. ಆದರೆ ಆ ಹತ್ತು ನಿಮಿಷಗಳ ನಗು ಅದುವರೆಗೆ ಕಂಡ ನಾಟಕವನ್ನು ಏನು ಮಾಡುತ್ತದೆ?

ಪದ್ಧತಿ ಹೊಸದಲ್ಲ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಮೂರು ದುರಂತ ನಾಟಕಗಳ ಬಳಿಕ ‘ಸ್ಯಾಟಿರ್’ ಎಂಬ ವಿನೋದ ನಾಟಕವನ್ನು ಆಡುತ್ತಿದ್ದರು. ಷೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲಿ ನಾಟಕ ಮುಗಿದೊಡನೆ ‘ಜಿಗ್’ ಎಂಬ ಹಾಡು ಕುಣಿತಗಳ ನಗೆಯಾಟವಿತ್ತು. ಅದರಿಂದ ಗದ್ದಲ ಹೆಚ್ಚಿತೆಂದು 1612ರಲ್ಲಿ ಮಿಡಲ್‌ಸೆಕ್ಸ್‌ನ ನ್ಯಾಯಾಧೀಶರು ಅದನ್ನು ನಿಷೇಧಿಸಿದರು.

ನಮ್ಮ ಕರಾವಳಿಯ ಪರಂಪರೆ ಬೇರೆ. ಯಕ್ಷಗಾನದ ಹಾಸ್ಯಗಾರ ಆಟ ಮುಗಿಯಲೆಂದು ಕಾಯುವುದಿಲ್ಲ. ದೂತನಾಗಿ, ಸೇವಕನಾಗಿ ಕಥೆಯೊಳಗೇ ಬಂದು ರಾಜನೆದುರು ಸಾಮಾನ್ಯನ ಮಾತಾಡುತ್ತಾನೆ. ಬನ್ನಂಜೆ ಗೋವಿಂದಾಚಾರ್ಯರು (1936–2020) ‘ಆವೆಯ ಮಣ್ಣಿನ ಆಟದ ಬಂಡಿ’ ಎಂದು ಕನ್ನಡಕ್ಕೆ ತಂದ ‘ಮೃಚ್ಛಕಟಿಕ’ದ ವಿದೂಷಕ ಮೈತ್ರೇಯನೂ ಬಡವನಾದ ಚಾರುದತ್ತನ ಕೈಬಿಡದ ಗೆಳೆಯ. ಇಲ್ಲಿ ನಗುವಿಗೆ ಕಥೆಯ ನೋವು ಗೊತ್ತು.

ಸ್ವತಂತ್ರವಾಗಿ ನಿಲ್ಲುವ ಪ್ರಹಸನಕ್ಕೂ ಘನತೆಯುಂಟು. 7ನೇ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ ‘ಮತ್ತವಿಲಾಸ’ದಲ್ಲಿ ಕುಡಿದು ಕಪಾಲ ಕಳೆದುಕೊಂಡ ಕಾಪಾಲಿಕನೊಬ್ಬ ಬೌದ್ಧ ಭಿಕ್ಷುವನ್ನು ಕಳ್ಳನೆನ್ನುತ್ತಾನೆ, ಕದ್ದದ್ದು ನಾಯಿ! ಅಲ್ಲಿ ನಗೆಗೀಡಾಗುವುದು ವೇಷಧಾರಿಗಳ ಡಂಭ. ಟಿ. ಪಿ. ಕೈಲಾಸಂ ‘ಟೊಳ್ಳುಗಟ್ಟಿ’ಯಲ್ಲಿ ನಗಿಸಿದ್ದು ಪರೀಕ್ಷೆಯ ಅಂಕಗಳಿಂದಲೇ ಮಕ್ಕಳನ್ನು ಅಳೆಯುವ ಹಿರಿಯರ ಮೌಢ್ಯವನ್ನು ಕಂಡು.

ನಮ್ಮ ಕಿರುಪ್ರಹಸನಗಳು ಯಾರನ್ನು ಕಂಡು ನಗುತ್ತವೆ? ತೊದಲುವವನನ್ನು, ಕಿವಿ ಕೇಳದ ಅಜ್ಜಿಯನ್ನು, ಹೊರಗಿನಿಂದ ದುಡಿಯಲು ಬಂದವನ ಭಾಷೆಯನ್ನು. ಕುಡಿತದಿಂದ ಹಾಳಾದ ಸಂಸಾರದ ಕಥೆಗೆ ಮರುಗಿದ ಸಭೆಯೇ ಮರುಕ್ಷಣ ಕುಡುಕನ ತೂರಾಟಕ್ಕೆ ಚಪ್ಪಾಳೆ ತಟ್ಟುತ್ತದೆ. ಅಂಥ ಮನೆಯ ಮಗುವೊಂದು ಅದೇ ಸಭೆಯಲ್ಲಿ ಕುಳಿತಿರುತ್ತದೆ. ನಾಟಕ ನೀಡಿದ ಸಾಂತ್ವನವನ್ನು ಪ್ರಹಸನವು ಅದರಿಂದ ಕಿತ್ತುಕೊಳ್ಳುತ್ತದೆ.

ಆದ್ದರಿಂದ ಪ್ರಹಸನ ಬೇಡವೆಂದಲ್ಲ. ನಾಟಕದ ಅಭ್ಯಾಸದಷ್ಟೇ ಶ್ರದ್ಧೆ ಅದಕ್ಕೂ ಸಲ್ಲಲಿ. ಎರಡನ್ನೂ ಒಂದೇ ಸಂಜೆ ಒಂದರ ಹಿಂದೊಂದು ಆಡಿ ನೋಡಲಿ. ಮುಂದಿನ ವಾರ್ಷಿಕೋತ್ಸವದಲ್ಲಿ ನೀವು ನಗುವಾಗ, ಪಕ್ಕದಲ್ಲಿ ಕುಳಿತವರೂ ನಗುತ್ತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ.